ಇಪ್ಪತ್ತೈದು ಡಿಗ್ರಿಯ ಕೋಣೆ

ಯಡ್ರಾವದ ಆ ಶೆಡ್ಡಿನಲ್ಲಿ ನಲವತ್ತೆಂಟು ಮಗ್ಗಗಳು ಒಟ್ಟಿಗೆ ಓಡುತ್ತವೆ. ಬಾಳಗೊಂಡ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಎರಡನೇ ಸಾಲಿನ ಏಳನೇ ಮಗ್ಗದ ಲಾಳಿ ತಡವಾಗಿ ಬಡಿಯುತ್ತಿದೆ ಎಂಬುದು ಅವನಿಗೆ ಗೊತ್ತಾಗಿರುತ್ತದೆ. ಅವನು ಅಲ್ಲಿಯ ಜಾಬರ, ಅಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ಓಡಿಸುವವನು. ಮೂವತ್ತೊಂದು ವರ್ಷದ ಕೆಲಸ ಅವನ ಕಿವಿಯನ್ನು ವಿಚಿತ್ರವಾಗಿ ಪಳಗಿಸಿದೆ. ಗದ್ದಲದೊಳಗಿನ ಸಣ್ಣ ತಪ್ಪು ಅವನಿಗೆ ಕೇಳುತ್ತದೆ, ಮೌನದೊಳಗಿನ ಸಣ್ಣ ಮಾತು ಕೇಳುವುದಿಲ್ಲ. ಮಗ್ಗದವರೆಲ್ಲರ ಹಾಗೆ ಅವನೂ ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾನೆ. ಶೆಡ್ಡಿನ ಆ ತುದಿಯಲ್ಲಿ ನಿಂತವನು ಚಹಾ ಕೇಳಿದನೋ ಬೈದನೋ ಎಂಬುದರಲ್ಲಿ ಅವನು ತಪ್ಪಿದ್ದನ್ನು ಈವರೆಗೆ ಯಾರೂ ಕಂಡಿಲ್ಲ.

ಮನೆ ಪಕ್ಕದಲ್ಲೇ, ಮಹಾರಾಷ್ಟ್ರದ ಮಗ್ಗದ ಊರು ಇಚಲಕರಂಜಿಯ ಒಂದು ಓಣಿಯಲ್ಲಿ. ಹದಿನಾಲ್ಕು ಶೆಡ್ಡು, ಐದು ಮನೆ. ಅಲ್ಲಿ ಲೈಟ್ ಹೋಗಿದ್ದು ತಿಳಿಯಲು ಫ್ಯಾನ್ ಕಡೆ ನೋಡಬೇಕಿಲ್ಲ. ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ, ಮಲಗಿದ ಕೂಸುಗಳು ಆ ಮೌನಕ್ಕೆ ಬೆಚ್ಚಿ ಎದ್ದು ಅಳುತ್ತವೆ. ನೇಕಾರರು ಬನಿಯನ್ನಿನಲ್ಲೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಾರೆ. ಎದುರಿನ ಶೆಡ್ಡಿನ ಕಾಕಾಸಾಹೇಬ ಮಾತ್ರ ಕೂರುವ ಮೊದಲು ಬಾಳಗೊಂಡನ ಮನೆಯ ಕಿಟಕಿಗೆ ಬಂದು ಸರಳು ಬಡಿದು, ಅತ್ತಿಗೆಯನ್ನು ಕರೆಯುವಂತೆ ಕರೆಯುತ್ತಿದ್ದ.

"ವೈನೀ, ಜೀವಂತ ಅದೀರೋ ಇಲ್ಲೋ?"

"ನಿಮ್ಮ ಮಗನ ಲಗ್ನದ ಹೋಳಿಗಿ ತಿಂದ ಹೋಗ್ತೇನಿ," ಎಂದು ಒಳಗಿನಿಂದ ಕಾಂಚನಾಳ ದನಿ ಬರುತ್ತಿತ್ತು.

"ಮಗ್ಗದಾಗ ದುಡ್ಯಾವಗ ಯಾರ ಹೆಣ್ಣ ಕೊಡ್ತಾರ್ರಿ ಈಗ? ಹಂಗಾರ ನೀವು ನೂರ ವರ್ಷ ಇರ್ತೀರಿ ಬಿಡ್ರಿ."

ಇಷ್ಟಾದ ಮೇಲೆ ಅವನೋ ಅವನ ಜೊತೆಯವನೋ ಒಳಗೆ ಬಂದು ಟವೆಲ್ ಒದ್ದೆ ಮಾಡಿ ಅವಳ ಕುತ್ತಿಗೆಗೆ ಹಾಕಿ, ನೂಲಿನ ಡಬ್ಬದ ರಟ್ಟಿನಿಂದ ಗಾಳಿ ಬೀಸುತ್ತಿದ್ದರು. ಲೈಟ್ ಬಂದು ಮಗ್ಗ ಶುರುವಾದರೆ ರಟ್ಟು ಅಲ್ಲೇ ಇಟ್ಟು ಓಡುತ್ತಿದ್ದರು.

ಕಾಂಚನ ಬಾಳಗೊಂಡನ ಹೆಂಡತಿ. ಮೂರು ವರ್ಷದ ಹಿಂದೆ, ಗಡಹಿಂಗ್ಲಜದಿಂದ ಮಗಳು ಕಳಿಸಿದ್ದ ಮೆಣಸಿನಕಾಯಿಯನ್ನು ಪಕ್ಕದ ಮನೆಯ ಮಾಳಿಗೆಯ ಮೇಲೆ ಒಣಗಲು ಹರವಿ, ಖಾಲಿ ಬುಟ್ಟಿ ಹಿಡಿದು ಇಳಿಯುವಾಗ ಜಾರಿದಳು. ಹನ್ನೊಂದು ಮೆಟ್ಟಿಲು. ಕುತ್ತಿಗೆಯ ಎಲುಬು ಮುರಿಯಿತು. ಅಂದಿನಿಂದ ಭುಜದ ಕೆಳಗೆ ಏನೂ ಅಲುಗುವುದಿಲ್ಲ, ಏನೂ ತಿಳಿಯುವುದಿಲ್ಲ. ಮಾತಿತ್ತು, ಸ್ವಲ್ಪ ಮೆಲ್ಲಗೆ.

ಕೊಲ್ಹಾಪುರದ ಡಾಕ್ಟರು ಬಿಡುಗಡೆಯ ದಿನ ಬಾಳಗೊಂಡನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದರು. ಇವರ ಮೈ ಇನ್ನು ತಾನಾಗಿ ತಣ್ಣಗಾಗುವುದಿಲ್ಲ. ಮುಖ ಬೆವರುತ್ತದೆ, ಉಳಿದ ಮೈ ಬೆವರುವುದಿಲ್ಲ. ಕೋಣೆ ಎಷ್ಟು ಬಿಸಿಯೋ ಮೈಯೂ ನಿಧಾನಕ್ಕೆ ಅಷ್ಟೇ ಬಿಸಿಯಾಗುತ್ತ ಹೋಗುತ್ತದೆ. ಇಪ್ಪತ್ನಾಲ್ಕರಿಂದ ಇಪ್ಪತ್ತೇಳು ಡಿಗ್ರಿಯೊಳಗೆ ಇಟ್ಟರೆ ಮನೆಯಲ್ಲೇ ಬಹುಕಾಲ ಇರಬಹುದು. ಬಾಳಗೊಂಡನಿಗೆ ಡಿಗ್ರಿ ಎಂದರೆ ಜ್ವರದ ಲೆಕ್ಕವಷ್ಟೇ ಗೊತ್ತಿತ್ತು. ಅವನ ಮನೆಯ ಮೇಲೆ ತಗಡಿನ ಹೊದಿಕೆ. ಏಪ್ರಿಲ್ ಬಂದರೆ ಮಧ್ಯಾಹ್ನ ಕೋಣೆಯ ಗೋಡೆಗೆ ಕೈ ಇಡಲಾಗುತ್ತಿರಲಿಲ್ಲ.

ತಗಡಿನ ಕೆಳಗೆ ಥರ್ಮಾಕೋಲ್ ಹೊಡೆಸಿ ಏಸಿ ಹಾಕಿಸಿದ. ಆದರೆ ಏಸಿಗೂ ಒಬ್ಬರು ಆಳು ಬೇಕು. ಹೆಚ್ಚು ತಂಪಾದರೆ ಅವಳ ಮೈ ಮಂಜುಗಡ್ಡೆಯಾಗುತ್ತಿತ್ತು, ಅದೂ ಅವಳಿಗೆ ತಿಳಿಯುತ್ತಿರಲಿಲ್ಲ. ಕೈ ಆಡದವಳು ರಿಮೋಟ್ ಹಿಡಿಯುವುದು ಹೇಗೆ? ಪಕ್ಕದ ಮನೆಯ ಸೊಸೆ ಸಪನಾ ತನ್ನ ಕೆಲಸದ ನಡುವೆ ತಾಸಿಗೊಮ್ಮೆ ಬಂದು ಹಣೆ ಮುಟ್ಟಿ ನೋಡಿ, ರಿಮೋಟ್ ಒತ್ತಿ, ಎರಡು ಗುಟುಕು ನೀರು ಕುಡಿಸಿ, ತನ್ನ ಅತ್ತೆಯ ಮೇಲೆ ಎರಡು ಚಾಡಿ ಹೇಳಿ ಹೋಗುತ್ತಿದ್ದಳು. ಬಾಳಗೊಂಡ ಮಧ್ಯಾಹ್ನ ಯಡ್ರಾವದಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದು ಉಣಿಸಿ ಹೋಗುತ್ತಿದ್ದ. ಹೊತ್ತು ಮುಳುಗುವ ಮೊದಲು ಮತ್ತೆ ಬಂದು ರಾತ್ರಿಯ ಊಟವನ್ನು ಬೆಳಕಿನಲ್ಲೇ ಮುಗಿಸುತ್ತಿದ್ದರು. ಜೈನರ ಮನೆಯ ಆ ನಿಯಮವನ್ನು ಹಾಸಿಗೆ ಹಿಡಿದ ಮೇಲೂ ಅವಳು ಬಿಟ್ಟಿರಲಿಲ್ಲ.

ಅಳಿಯ ಸೌರಭನಿಗೆ ಗಡಹಿಂಗ್ಲಜದಲ್ಲಿ ಫ್ರಿಜ್, ಏಸಿ ರಿಪೇರಿಯ ಅಂಗಡಿ. ಕಳೆದ ವರ್ಷದ ಯುಗಾದಿ ಹೊತ್ತಿಗೆ ಅವನು ಒಂದು ಬಿಳಿ ಪೆಟ್ಟಿಗೆಯನ್ನೂ ಒಂದು ಮಾತಾಡುವ ಡಬ್ಬಿಯನ್ನೂ ತಂದ. ಪೆಟ್ಟಿಗೆ ಅಂಗೈಯಷ್ಟು. ಅದನ್ನು ಗೋಡೆಗೆ ಅಂಟಿಸಿದರೆ ಕೋಣೆಯ ಬಿಸಿ ಅಳೆದು, ತಾನೇ ಏಸಿಯನ್ನು ಏರಿಸಿ ಇಳಿಸುತ್ತದೆ. ವೈಫೈ ಮೇಲೆ ಆ ಸಂಖ್ಯೆಯನ್ನು ಬಾಳಗೊಂಡನ ಫೋನಿಗೆ ಕಳಿಸುತ್ತದೆ. ಡಬ್ಬಿಗೆ ಬಾಯಿಂದ ಹೇಳಿದರೂ ಸಾಕು, ಕೇಳುತ್ತದೆ. ಎರಡಕ್ಕೂ ಸೇರಿ ಎಂಟು ಸಾವಿರದ ಎಂಟುನೂರು, ವೈಫೈಗೆ ತಿಂಗಳಿಗೆ ಐನೂರು.

"ಬಿಲ್ಲಿನಾಗ ತಿಂಗಳಿಗೆ ಒಂಬತ್ತನೂರು ಉಳಿತೇತಿ ಮಾವಾರ," ಎಂದ ಸೌರಭ. "ಏಸಿ ಸುಮ್ಮಸುಮ್ಮನ ಓಡಾಂಗಿಲ್ಲ."

"ಉಳಿಲಿ ಬಿಡ್ಲಿ. ಇಕಿ ಸುರಕ್ಷಿತ ಇರ್ತಾಳೇನ?"

"ಇರ್ತಾರ್ರಿ. ಇನ್ನೊಂದು ಹನ್ನೆರಡನೂರು ಹಾಕಿದ್ರ ಸಣ್ಣ ಬ್ಯಾಟ್ರಿ ಕುಂದರಸ್ತೇನಿ. ಲೈಟ್ ಹೋದ್ರೂ ಪೆಟಗಿ, ವೈಫೈ ಎರಡೂ ನಡೀತಾವು. ಖೋಲಿ ಬಿಸಿ ಆತಂದ್ರ ನಿಮ್ಮ ಫೋನ್ ಬಾರಸ್ತೇತಿ."

"ಆ ಬ್ಯಾಟ್ರಿ ಮ್ಯಾಲ ಏಸಿ ನಡೀತೇತೇನ?"

"ಏಸಿ ನಡ್ಯಾಂಗಿಲ್ರಿ. ಅದಕ್ಕ ದೊಡ್ಡದು ಬೇಕು, ಅರವತ್ತ ಸಾವಿರದ್ದು. ಇದು ಬರೇ ಸುದ್ದಿ ಹೇಳ್ತೇತಿ."

"ಸುದ್ದಿ ಹೇಳಾಕ ನಮ್ಮ ಓಣಿನ ಐತೆಲ್ಲ. ಲೈಟ್ ಹೋತಂದ್ರ ಹತ್ತ ಮಂದಿ ಹೊರಗ ಬರ್ತಾರ. ಬ್ಯಾಟ್ರಿ ಬ್ಯಾಡ ಅಳ್ಯಾರ."

ಬಾಳಗೊಂಡನ ಆ ಮಾತು ವಾರದ ಆರು ದಿನಕ್ಕೆ ಸರಿಯಾಗಿತ್ತು. ಏಳನೆಯ ದಿನ ಶುಕ್ರವಾರ, ಆ ಭಾಗದ ಮಗ್ಗಗಳಿಗೆ ರಜೆ. ಶುಕ್ರವಾರ ಅವನೇ ಮನೆಯಲ್ಲಿರುತ್ತಿದ್ದುದರಿಂದ ಆ ದಿನದ ಮಾತು ಯಾರ ತಲೆಗೂ ಬರಲಿಲ್ಲ.

ಮೊದಲ ತಿಂಗಳು ಒಳ್ಳೆಯದಾಗಿತ್ತು. ಹಾಗೆನ್ನುವುದರಲ್ಲಿ ಸುಳ್ಳಿಲ್ಲ. ಡಬ್ಬಿಗೆ ಮರಾಠಿ ತಿಳಿಯುತ್ತಿತ್ತು, ಕಾಂಚನಾಳ ಕನ್ನಡ ತಿಳಿಯುತ್ತಿರಲಿಲ್ಲ. ಅವಳು ಅದರ ಜೊತೆ ತಹಶೀಲ್ದಾರರ ಕಚೇರಿಯಲ್ಲಿ ಮಾತಾಡುವಂತೆ ಮಾತಾಡುತ್ತಿದ್ದಳು. "ಅಹೋ, ಜರಾ ಥಂಡ ಕರಾ." ತುಸು ತಂಪು ಮಾಡಿ ಎಂದು ಬೇಡಿಕೆ. ಡಬ್ಬಿ ಒಪ್ಪಿ ಉತ್ತರ ಕೊಡುತ್ತಿತ್ತು, ಗೋಡೆಯ ಮೇಲಿನ ಏಸಿ ಬಾಯಿ ತೆರೆಯುತ್ತಿತ್ತು. ಪೆಟ್ಟಿಗೆ, ಡಬ್ಬಿ ಎರಡಕ್ಕೂ ಸೇರಿಸಿ ಅವಳು 'ಸಾಹೇಬ' ಎಂದು ಹೆಸರಿಟ್ಟಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮಾತಿನಿಂದ ಮನೆಯಲ್ಲಿ ಒಂದು ವಸ್ತು ಅಲುಗಿತ್ತು. ಅದಕ್ಕಾಗಿ ಬೇಕಿಲ್ಲದಿದ್ದರೂ ಅವಳು ಇಪ್ಪತ್ನಾಲ್ಕು ಮಾಡಿಸಿ, ಮತ್ತೆ ಇಪ್ಪತ್ತೈದು ಮಾಡಿಸುತ್ತಿದ್ದುದನ್ನು ಬಾಳಗೊಂಡ ಫೋನಿನಲ್ಲಿ ನೋಡುತ್ತಿದ್ದ. ಯಡ್ರಾವದ ಗದ್ದಲದ ನಡುವೆ ಆ ಸಂಖ್ಯೆ ಅಲುಗಿದಾಗ ಹೆಂಡತಿ ಎಚ್ಚರವಿದ್ದಾಳೆ ಎಂದು ತಿಳಿಯುತ್ತಿತ್ತು.

ಲಾಭ ಹೀಗೆ ಕಣ್ಣಿಗೆ ಕಾಣುತ್ತಿತ್ತು. ನಷ್ಟ ಕಾಣಲು ಹೊತ್ತು ಹಿಡಿಯಿತು. ತಂಪು ಹೋಗಬಾರದೆಂದು ಕಿಟಕಿಗೆ ಗಾಜು ಬಂತು, ಗಾಜಿಗೆ ಪರದೆ ಬಂತು. ಕಾಕಾಸಾಹೇಬನಿಗೆ ಬಡಿಯಲು ಸರಳಿರಲಿಲ್ಲ. ಆದರೂ ಲೈಟ್ ಹೋದಾಗ ಬಾಗಿಲಿಗೆ ಬರುತ್ತಿದ್ದ, "ಸಾಹೇಬ್ರು ಏನ್ ಅಂತಾರ ವೈನಿ?" ಎಂದು ಹೊರಗಿನಿಂದಲೇ ಕೇಳಿ ಹೋಗುತ್ತಿದ್ದ. ಸಪನಾ ತಾಸಿಗೊಮ್ಮೆ ಬರುತ್ತಿದ್ದವಳು ದಿನಕ್ಕೆರಡು ಸಲ ಬರತೊಡಗಿದಳು. ಹಣೆ ಮುಟ್ಟಿ ನೋಡುವ ಅಗತ್ಯ ಉಳಿದಿರಲಿಲ್ಲ. ಗೋಡೆಯ ಮೇಲೆ ಸಂಖ್ಯೆ ಇತ್ತು. ಬಾಳಗೊಂಡ ಕೂಡ ಮಧ್ಯಾಹ್ನ ಬರುವುದನ್ನು ಬಿಟ್ಟು, ಊಟವನ್ನು ಸಪನಾಳಿಗೆ ವಹಿಸಿ, ಆ ಹೊತ್ತಿನಲ್ಲಿ ಇನ್ನೊಂದು ಶೆಡ್ಡಿನ ರಿಪೇರಿ ಹಿಡಿದ.

"ಸಪನಾ ಈಗ ಅತ್ತಿ ಸುದ್ದಿ ಹೇಳೂದ ಬಿಟ್ಟಾಳ," ಎಂದಳು ಕಾಂಚನ ಒಂದು ಸಂಜೆ.

"ಅತ್ತಿ ಸುಧಾರಿಸ್ಯಾಳೇನೋ."

"ಅತ್ತಿ ಸುಧಾರಿಸಿಲ್ಲ. ಇಕಿಗೆ ಹೊತ್ತಿಲ್ಲ."

ಅವನು ಆ ಮಾತನ್ನು ತುಟಿಯಿಂದ ಓದಿದ, ನಕ್ಕ, ಮರೆತ.

ಮೇ ತಿಂಗಳಲ್ಲಿ ಮಗಳು ಋತುಜಾಳಿಗೆ ಏಳನೇ ತಿಂಗಳ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ ತವರಿನಿಂದಲೇ ಹೋಗಬೇಕು. ಬೀಗರು ಶುಕ್ರವಾರವನ್ನೇ ಗೊತ್ತು ಮಾಡಿದ್ದರು, ಬಾಳಗೊಂಡನಿಗೆ ಕೆಲಸ ತಪ್ಪಬಾರದೆಂದು. ಅವನು ಹೋಗಲಾರೆನೆಂದ.

"ನಾ ಅಂತೂ ಬಿದ್ದೇನಿ," ಎಂದಳು ಕಾಂಚನ. "ನೀವೂ ಹೋಗ್ಲಿಲ್ಲಂದ್ರ ಆ ಹುಡುಗಿ ಸೀರಿ ಉಡುಮುಂದ ಯಾರ ಮಾರಿ ನೋಡ್ಬೇಕು?"

"ನಿನ್ನ ಯಾರ ನೋಡ್ತಾರ?"

"ಸಾಹೇಬ ಅದಾನ, ಸಪನಾ ಅದಾಳ. ಎರಡ ವರ್ಷಾತು ನೀವು ಊರ ಬಿಟ್ಟಿಲ್ಲ. ನಿಮ್ಮ ಮಾರಿ ನೋಡಿ ನೋಡಿ ನನಗ ಬ್ಯಾಸರಾಗೇತ್ರಿ. ಹೋಗ್ರಿ."

ಅವನು ಬೆಳಿಗ್ಗೆ ಅವಳನ್ನು ತೊಳೆದು, ಬಟ್ಟೆ ಬದಲಿಸಿ, ಒಂದು ಮಗ್ಗುಲಿಗೆ ಮಲಗಿಸಿ, ನಿಪ್ಪಾಣಿಯ ಮೇಲಿಂದ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಹೋದ. ಸಪನಾ ಹತ್ತೂವರೆಗೆ ಕಾಂಚನಾಳಿಗೆ ಉಣಿಸಿ, ಹೊರಗಿನಿಂದ ಬೀಗ ಹಾಕಿ, ರೈಲಿಗೆ ಬರಲಿದ್ದ ತನ್ನ ತಾಯಿಯನ್ನು ಕರೆತರಲು ಹಾತಕಣಂಗಲೆ ಸ್ಟೇಶನ್ನಿಗೆ ಹೋದಳು. ಮಧ್ಯಾಹ್ನ ಒಂದರೊಳಗೆ ವಾಪಸು ಬರುವ ಮಾತಾಗಿತ್ತು.

ಹನ್ನೊಂದಕ್ಕೆ ಲೈಟ್ ಹೋಯಿತು. ತಂತಿಯ ಕೆಲಸವಿತ್ತು. ಮಗ್ಗ ಓಡುವ ದಿನ ಕರೆಂಟ್ ತೆಗೆದರೆ ಊರೇ ಬಾಯಿ ಮಾಡುತ್ತದೆ, ಹಾಗಾಗಿ ಅಂಥ ಕೆಲಸಗಳನ್ನೆಲ್ಲ ಶುಕ್ರವಾರಕ್ಕೇ ಇಟ್ಟುಕೊಳ್ಳುವುದು ರೂಢಿ. ಅಂದು ನಿಲ್ಲಲು ಯಾವ ಮಗ್ಗವೂ ಓಡುತ್ತಿರಲಿಲ್ಲ. ಕಟ್ಟೆಯ ಮೇಲೆ ಬಂದು ಕೂರಲು ಯಾರೂ ಇರಲಿಲ್ಲ. ಹದಿನಾಲ್ಕು ಶೆಡ್ಡುಗಳಿಗೆ ಬೀಗ, ನೇಕಾರರೆಲ್ಲ ತಂತಮ್ಮ ಹಳ್ಳಿಗಳಲ್ಲಿ. ಉಳಿದ ಮನೆಯವರು ಬಿಸಿಲಿಗೆ ಬಾಗಿಲು ಮುಂದೆ ಮಾಡಿ ಒಳಗೆ ಬಿದ್ದುಕೊಂಡಿದ್ದರು.

ಕುಬಸದ ಮನೆಯಲ್ಲಿ ಹೆಂಗಸರು ಬಾಳಗೊಂಡನನ್ನು ಸುತ್ತುವರಿದು ಕಾಂಚನಾಳನ್ನು ವಿಚಾರಿಸಿದರು. ಅವನು ಫೋನು ತೆಗೆದು ತೋರಿಸಿದ. 25. ದೊಡ್ಡ ಅಂಕಿ, ಹಸಿರು ಬಣ್ಣ. ಮುಖಕ್ಕೆ ಮುಖ ಸೇರಿಸಿ ನೋಡಿದರು. ಒಬ್ಬಾಕೆ, "ನಮ್ಮನ್ಯಾಗಿನ ಗಂಡಸ್ರು ಮಗ್ಗಲದಾಗ ಕುಂತ ಸುದ್ದಿ ಕೇಳಾಂಗಿಲ್ಲ, ನಿಮ್ದು ನೋಡ್ರಿ," ಎಂದಳು. ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಹನ್ನೆರಡೂ ಮುಕ್ಕಾಲಿಗೆ ಸಪನಾಳ ಫೋನ್ ಬಂತು.

"ಮಾಮಾ, ರೈಲ್ ಎರಡ ತಾಸ ಲೇಟ್ ಐತಂತ. ನಾ ವಾಪಸ್ ಹೋಗ್ಲೇನ್ರಿ? ಅವ್ವ ಆಮ್ಯಾಲ ಆಟೋ ಮಾಡ್ಕೊಂಡ ಬರ್ತಾಳ."

ಅವನು ಫೋನನ್ನು ಕಿವಿಯಿಂದ ತೆಗೆದು ನೋಡಿದ. 25.

"ಬ್ಯಾಡವ್ವ. ನಿಂದರು. ಸಾಹೇಬ ಇಪ್ಪತ್ತೈದ ತೋರ್ಸಾಕತ್ಯಾನ."

ಸಪನಾ ನಿಂತಳು. ಬಾಳಗೊಂಡ ಪಂಕ್ತಿಯಲ್ಲಿ ಕೂತ. ಬಹಳ ದಿನಗಳ ಮೇಲೆ ಅವಸರವಿಲ್ಲದೆ ಉಂಡ ಊಟ ಅದು. ಮಗಳು ಹಸಿರು ಸೀರೆಯಲ್ಲಿ ಬಂದು ಕಾಲಿಗೆ ಬಿದ್ದಾಗ ಅವಳ ತಲೆಯ ಮೇಲೆ ಎರಡು ಕೈ ಇಟ್ಟ, ಒಂದು ತನ್ನದು, ಒಂದು ಅವಳ ತಾಯಿಯದು ಎಂದುಕೊಂಡು.

ಮೂರರ ಸುಮಾರಿಗೆ ಸೌರಭ ಯಾರೋ ಸಂಬಂಧಿಕರಿಗೆ ತೋರಿಸಲೆಂದು ಮಾವನ ಫೋನು ತೆಗೆದುಕೊಂಡ. ತೋರಿಸಲಿಲ್ಲ. ಅಂಕಿಯ ಕೆಳಗೆ ಇಂಗ್ಲಿಷಿನಲ್ಲಿ ಬೂದು ಬಣ್ಣದ ಸಣ್ಣ ಸಾಲೊಂದಿತ್ತು. ಅದನ್ನು ಓದುವುದು ಅವನು ಮಾವನಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಜನರ ಗದ್ದಲದಲ್ಲಿ ಅವನ ದನಿ ಬಾಳಗೊಂಡನಿಗೆ ಚೆನ್ನಾಗಿಯೇ ಕೇಳಿತು.

"ಮಾವಾರ, ಇದು ಈಗಿಂದಲ್ರಿ. ಇದು ಹನ್ನೊಂದಕ್ಕ ನಾಕ ನಿಮಿಷ ಕಡಿಮಿ ಇದ್ದಾಗಿನ ಅಂಕಿ. ಲೈಟ್ ಹೋಗಿ ವೈಫೈ ಬಂದ್ ಆಗಿರಬೇಕು, ಆವಾಗಿಂದ ಹೊಸಾದು ಬಂದಿಲ್ಲ."

ಸಪನಾ ಇನ್ನೂ ಹಾತಕಣಂಗಲೆಯಲ್ಲಿದ್ದಳು, ಕೀಲಿ ಅವಳ ಬಳಿ. ಬಾಳಗೊಂಡ ಕಾಕಾಸಾಹೇಬನಿಗೆ ಫೋನ್ ಮಾಡಿದ; ಯಡ್ರಾವದ ಮನೆಯಲ್ಲಿ ಮಲಗಿದ್ದವನು ಬನಿಯನ್ನಿನಲ್ಲೇ ಗಾಡಿ ಹತ್ತಿ ಹೊರಟ. ಕಾಲು ತಾಸಿಗೆ ಓಣಿ ಮುಟ್ಟಿದ. ಬಾಗಿಲ ಬೀಗಕ್ಕೆ ಹೊತ್ತು ಕಳೆಯದೆ ಕಲ್ಲೆತ್ತಿ ಕಿಟಕಿಯ ಗಾಜು ಒಡೆದು, ಪರದೆ ಹರಿದ. ಒಳಗಿಂದ ಬಂದ ಗಾಳಿ ಒಲೆಯ ಬಾಯಿಯದು ಎಂದು ಆಮೇಲೆ ಹೇಳಿದ. ಆಮೇಲೆ ಇನ್ನೊಂದು ಮಾತು ಹೇಳಿದ, ಒಂದೇ ಸಲ, ಬಾಳಗೊಂಡನಿಗೆ ಮಾತ್ರ. ಕಾಂಚನಾಳ ಕಣ್ಣು ಮೇಲೆ ಸಿಕ್ಕಿದ್ದವು, ದನಿ ಇರಲಿಲ್ಲ, ತುಟಿ ಅಲುಗುತ್ತಿತ್ತು. ಕಾಕಾಸಾಹೇಬನೂ ಮಗ್ಗದವನು, ತುಟಿ ಓದಬಲ್ಲ. ಅವಳು ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ. ಅಹೋ, ಜರಾ ಥಂಡ ಕರಾ. ಅಹೋ, ಜರಾ ಥಂಡ ಕರಾ.

ನಾಲ್ಕು ಹತ್ತಕ್ಕೆ ಲೈಟ್ ಬಂತು. ಸೌರಭನ ಗಾಡಿ ನಿಪ್ಪಾಣಿ ದಾಟಿ ಕೊಲ್ಹಾಪುರದ ಆಸ್ಪತ್ರೆಯ ಕಡೆ ಓಡುತ್ತಿತ್ತು. ಬಾಳಗೊಂಡನ ಕೈಯಲ್ಲಿ ಫೋನು ತಾನಾಗಿ ಬದಲಾಯಿತು. 39. ಸ್ವಲ್ಪ ಹೊತ್ತಿಗೆ 37. ಆಮೇಲೆ 34. ಕಾಂಚನಾಳನ್ನು ಆಂಬ್ಯುಲೆನ್ಸ್ ಆಗಲೇ ಒಯ್ದಿತ್ತು. ಒಡೆದ ಕಿಟಕಿಯ ಆ ಕೋಣೆಯಲ್ಲಿ ಯಾರೂ ಇರಲಿಲ್ಲ, ಸಾಹೇಬ ಅದನ್ನು ತಂಪು ಮಾಡುತ್ತಿದ್ದ. ದಾರಿಯುದ್ದಕ್ಕೂ ಬಾಳಗೊಂಡ ಆ ಅಂಕಿ ಇಳಿಯುವುದನ್ನು ನೋಡಿದ.

ಅವಳು ಬದುಕಿದಳು. ಇಪ್ಪತ್ತಾರು ದಿನ ಕೊಲ್ಹಾಪುರದಲ್ಲಿದ್ದು ಮನೆಗೆ ಬಂದಳು. ಬಿಸಿ ಮಿದುಳಿಗೆ ಏರಿತ್ತು, ದನಿಯನ್ನು ತಿಂದಿತ್ತು. ಬಾಯಿ ತೆರೆದರೆ ಉಸಿರಿಗೆ ಅಂಟಿಕೊಂಡ ಒಂದು ಗೊರಗೊರ ಬರುತ್ತದೆ, ಅಷ್ಟೇ. ಮೊದಮೊದಲು ಡಬ್ಬಿಗೆ ಹೇಳಿ ನೋಡಿದಳು. ಮಾಫ್ ಕರಾ, ಮಲಾ ಸಮಜಲೆ ನಾಹಿ, ಎಂದಿತು ಡಬ್ಬಿ, ಬಲು ಸೌಜನ್ಯದಿಂದ. ಕ್ಷಮಿಸಿ, ನನಗೆ ತಿಳಿಯಲಿಲ್ಲ. ಮೂರು ದಿನ ಹಾಗೆ ಕೇಳಿಸಿಕೊಂಡು ನಾಲ್ಕನೆಯ ದಿನದಿಂದ ಬಿಟ್ಟಳು.

ಸೌರಭ ಯಾರೂ ಹೇಳದೆಯೇ ಆ ಸಣ್ಣ ಬ್ಯಾಟರಿಯನ್ನು ತಂದು ಕೂರಿಸಿ ಹೋದ. ಹಣ ಕೇಳಲಿಲ್ಲ, ಬಾಳಗೊಂಡ ಕೊಡಲೂ ಇಲ್ಲ. ಈಗ ಲೈಟ್ ಹೋಗಿ ಕೋಣೆ ಇಪ್ಪತ್ತೆಂಟು ಮುಟ್ಟಿದರೆ ಮೂವರ ಫೋನು ಕೂಗುತ್ತದೆ. ಸಪನಾ ಓಡಿ ಬರುತ್ತಾಳೆ, ಟವೆಲ್ ಹಾಕುತ್ತಾಳೆ, ತಲೆ ಎತ್ತುವುದಿಲ್ಲ. ಕಾಕಾಸಾಹೇಬನೂ ಬರುತ್ತಾನೆ. ರಟ್ಟು ಹಿಡಿದು ಬೀಸುತ್ತಾನೆ. ಜೀವಂತ ಅದೀರೋ ಎಂದು ಕೇಳುವುದನ್ನು ಬಿಟ್ಟಿದ್ದಾನೆ. ಋತುಜಾ ಹೆಣ್ಣುಕೂಸನ್ನು ತಂದು ತಾಯಿಯ ಕೆನ್ನೆಗೆ ಮುಟ್ಟಿಸಿದಳು. ಅಲ್ಲಿ ಮಾತ್ರ ಅವಳಿಗೆ ಸ್ಪರ್ಶ ತಿಳಿಯುತ್ತದೆ.

ಬಾಳಗೊಂಡ ಬೇಕೆಂದು ಕೊಂಡದ್ದು ಅವನಿಗೆ ಸಿಕ್ಕಿದೆ. ಹೆಂಡತಿ ಮನೆಯಲ್ಲೇ ಇದ್ದಾಳೆ. ಕೋಣೆ ಹಗಲೂ ರಾತ್ರಿ ಇಪ್ಪತ್ತೈದು ಡಿಗ್ರಿಯಲ್ಲಿದೆ. ಬಿಲ್ಲಿನಲ್ಲಿ ಒಂಬತ್ತನೂರು ಉಳಿಯುತ್ತದೆ ಎಂದಿದ್ದೂ ನಿಜವಾಯಿತು.

ಈ ವರ್ಷದ ಮಾರ್ಚ್ ಕೊನೆಯ ಒಂದು ಶುಕ್ರವಾರ, ಊಟವಾದ ಮೇಲೆ ಅವನು ಮಂಚದ ಮೇಲೆ ಕೂತು ಅವಳ ತಲೆ ಬಾಚುತ್ತಿದ್ದ. ಹೊಸ ಗಾಜಿನಾಚೆ ಬಿಸಿಲು ಬಿಳಿಯಾಗಿತ್ತು. ಅವಳು ಬಾಯಿ ತೆರೆದಳು. ಗೊರಗೊರ ಸದ್ದು ಬಂತು. ಅವನು ವಾಡಿಕೆಯಂತೆ ತುಟಿ ನೋಡಿದ.

ಸಾಹೇಬನ ಬಂದ್ ಮಾಡ್ರಿ. ಕಿಡಕಿ ತಗೀರಿ.

ಬಾಚಣಿಗೆ ನಿಂತಿತು. ಅವಳು ಇನ್ನೂ ಎರಡು ಶಬ್ದ ಸೇರಿಸಿದಳು. ಸಾಕಾತು ನನಗ.

"ಏನಂದಿ?" ಎಂದ ಬಾಳಗೊಂಡ. "ಕೇಳಸಲಿಲ್ಲ."

ಅವಳು ಅವನನ್ನೇ ನೋಡಿದಳು. ನಲವತ್ತೆಂಟು ಮಗ್ಗಗಳ ಆಚೆ ನಿಂತವನ ಬೈಗುಳವನ್ನು ತಪ್ಪದೆ ಓದುವ ಗಂಡ ಇವನು ಎಂಬುದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಅವಳು ಮತ್ತೊಮ್ಮೆ ಹೇಳಿದಳು, ಒಂದೊಂದೇ ಶಬ್ದ, ಕೂಸಿಗೆ ಕಲಿಸುವವರಂತೆ ತುಟಿಯನ್ನು ನಿಧಾನವಾಗಿ ಬಿಡಿಸಿ.

ಅವನು ಅಷ್ಟರಲ್ಲಿ ಮುಖ ತಿರುಗಿಸಿ ಗೋಡೆಯ ಕಡೆ ನೋಡುತ್ತಿದ್ದ.

"ಇಪ್ಪತ್ತೈದ ಐತಿ," ಎಂದ.

ಮತ್ತೆ ಬಾಚಲು ಶುರು ಮಾಡಿದ. ಅವಳ ಮುಖ ಕಿಟಕಿಯ ಕಡೆಗೆ ಹೊರಳಿತು, ಅಷ್ಟು ಅವಳಿಗೆ ಆಗುತ್ತದೆ. ಓಣಿಯಲ್ಲಿ ಮಗ್ಗಗಳು ನಿಂತಿದ್ದವು, ಕಟ್ಟೆಯ ಮೇಲೆ ಯಾರೂ ಇರಲಿಲ್ಲ.